ಕೆಂಪು ಬಣ್ಣದ ಅಡಿಯ ಮುದ್ರೆ

೨೦೨೩ರಲ್ಲಿ ನಾನು ಸೋಂಪುರದ ಬಾಗಿಲು ಕಾರ್ಖಾನೆಯೊಂದರಲ್ಲಿ ಮರದ ಗುಣಮಟ್ಟ ಪರೀಕ್ಷಕಿಯಾಗಿದ್ದೆ. ಒಂದು ಬೆಳಿಗ್ಗೆ ಅರವತ್ತೆರಡು ತೇಗದ ಹಲಗೆಗಳ ಲೋಡು ಬಂತು. ತಂದವರು ಸಾಮಿಲ್ ಮಾಲೀಕ ನಾಗರಾಜಪ್ಪ. ಅವರಿಗೆ ನನ್ನ ಗುರುತು ಹತ್ತಲಿಲ್ಲ.

ನನಗೆ ಹದಿನಾಲ್ಕು ವರ್ಷವಿದ್ದಾಗ, ರಾಜಘಟ್ಟದ ಮುನಿಶಾಮಪ್ಪನವರ ಹೊಸ ಮನೆಗೆ ಅಪ್ಪ ಮುಂಬಾಗಿಲ ಚೌಕಟ್ಟು ಮಾಡಿದ್ದರು. ನಾಗರಾಜಪ್ಪ ತೇಗವೆಂದು ಕಳಿಸಿದ ಮರ ಅಗ್ಗದ ಸಿಲ್ವರ್ ಓಕ್ ಆಗಿತ್ತು. ಅಪ್ಪ ಕೇಳಿದಾಗ, "ಮನೆಯೋರ್ಗೆ ಹೇಳಿದ್ದೀನಿ ಆಚಾರ್ರೇ, ನೀವ್ ಕೆಲ್ಸ ನೋಡಿ" ಎಂದಿದ್ದರು. ಅಪ್ಪ ನಂಬಿದರು. ಬಾಗಿಲು ನಿಲ್ಲಿಸುವ ಪೂಜೆಯಲ್ಲಿ ನೆಂಟರೊಬ್ಬರು ಇದು ತೇಗವಲ್ಲ ಎಂದಾಗ ನಾಗರಾಜಪ್ಪ ಎಲ್ಲರ ಮುಂದೆ, "ನಾನ್ ಕೊಟ್ಟಿದ್ದು ತೇಗಾನೇ. ಆಚಾರಿ ಬದ್ಲಾಯಿಸವ್ನೆ" ಎಂದರು. ಮುನಿಶಾಮಪ್ಪ ಆ ಮಾತು ನಂಬಿ, ಅಪ್ಪನ ಕೈಗಿಟ್ಟಿದ್ದ ತಾಂಬೂಲವನ್ನು ವಾಪಸ್ ತೆಗೆದುಕೊಂಡರು. ಆಮೇಲೆ ಯಾರೂ ಅಪ್ಪನಿಂದ ಮುಂಬಾಗಿಲು ಮಾಡಿಸಲಿಲ್ಲ.

ಆ ಮರದಿಂದ ಕತ್ತರಿಸಿದ ತುದಿಯೊಂದು ಅಪ್ಪನ ಉಳಿಪೆಟ್ಟಿಗೆಯಲ್ಲಿತ್ತು. ಸೀಳದಿರಲೆಂದು ಮಿಲ್ಲಿನಲ್ಲಿ ತುದಿಗೆ ಕೆಂಪು ಬಣ್ಣ ಬಳಿಯುತ್ತಾರೆ. ಮರವಿಜ್ಞಾನ ಓದುವಾಗ ನಾನು ಆ ಬಣ್ಣ ಕೆರೆದೆ. ಅಡಿಯಲ್ಲಿ ಸುತ್ತಿಗೆಯಿಂದ ಒತ್ತಿದ ನಾಗರಾಜಪ್ಪನವರ ಮಿಲ್ಲಿನ ಮುದ್ರೆಯಿತ್ತು. ಸಿಲ್ವರ್ ಓಕ್ ಬಂದದ್ದು ಅಲ್ಲಿಂದಲೇ. ಆ ತುಂಡನ್ನು ಜೋಪಾನ ಮಾಡಿ, ಕಾದೆ.

ಹತ್ತಕ್ಕೊಂದು ಹಲಗೆ ನೋಡುವುದು ಕಾರ್ಖಾನೆಯ ನಿಯಮ. ಆ ದಿನ ಅರವತ್ತೆರಡನ್ನೂ ನೋಡಿದೆ. ಬಣ್ಣ ಕೆರೆದು, ತುದಿಯನ್ನು ಬ್ಲೇಡಿನಿಂದ ನುಣುಪಾಗಿ ಕೊಯ್ದು, ಒದ್ದೆ ಮಾಡಿ ಲೆನ್ಸ್ ಹಿಡಿದೆ. ಈ ಅಡ್ಡಕೊಯ್ತದ ಮುಖವೇ ಎಂಡ್ ಗ್ರೇನ್. ತೇಗದಲ್ಲಿ ವರ್ಷದ ಉಂಗುರದುದ್ದಕ್ಕೂ ದೊಡ್ಡ ರಂಧ್ರಗಳು ಸಾಲುಗಟ್ಟಿರುತ್ತವೆ. ಸಿಲ್ವರ್ ಓಕಿನಲ್ಲಿ ನಡುವಿನಿಂದ ತೊಗಟೆಯತ್ತ ಅಗಲವಾದ ಗೆರೆಗಳು ಹೋಗುತ್ತವೆ. ಇಪ್ಪತ್ತಮೂರು ಹಲಗೆಗಳಲ್ಲಿ ಆ ಗೆರೆಗಳಿದ್ದವು, ಮುದ್ರೆಯೂ ಅದೇ.

ಲೋಡ್ ಇಳಿಸುವವರ ಮುಂದೆಯೇ ಲೆನ್ಸನ್ನು ನಾಗರಾಜಪ್ಪನವರ ಕೈಗೆ ಕೊಟ್ಟೆ.

"ಏನ್ ಕಾಣ್ತದೆ, ಜೋರಾಗಿ ಹೇಳಿ."

"ಮಿಕ್ಸ್ ಆಗ್ಬಿಟ್ಟದೆ ಕಣಮ್ಮಾ. ನೀನ್ ಯಾರ ಮಗ್ಳವ್ವಾ?"

ಹಳೆಯ ತುಂಡನ್ನು ಹಲಗೆಯ ಪಕ್ಕದಲ್ಲಿಟ್ಟೆ. "ರಾಜಘಟ್ಟದಲ್ಲಿ ನಿಮ್ ಮಾತ್ ಕೇಳಿ ತಾಂಬೂಲ ಕಿತ್ಕೊಂಡ್ರಲ್ಲ, ಆ ಆಚಾರಿ ಮಗ್ಳು."

ಅವರು ಲೆನ್ಸ್ ಕೆಳಗಿಟ್ಟರು. ಲೋಡು ಪೂರ್ತಿ ವಾಪಸಾಯಿತು. ಕಾರ್ಖಾನೆಯವರು ಸರಬರಾಜುದಾರರ ಪಟ್ಟಿಯಿಂದ ನಾಗರಾಜಪ್ಪನವರ ಹೆಸರನ್ನು ತೆಗೆದರು.

ಭಾನುವಾರ ಆ ತುಂಡನ್ನು ಮುನಿಶಾಮಪ್ಪನವರಿಗೆ ತೋರಿಸಿದೆ. ಸಂಜೆ ಅವರೇ ತಾಂಬೂಲ ಹಿಡಿದು ನಮ್ಮ ಮನೆಗೆ ಬಂದರು. ಅಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರು ಹೋದ ಮೇಲೆ ಅಪ್ಪ ನನ್ನನ್ನು ಕೇಳಿದರು: "ಒಳ್ಳೆ ತೇಗ ಎಷ್ಟಿತ್ತವ್ವಾ?"

"ಮೂವತ್ತೊಂಬತ್ತು."

"ಅದ್ನಾದ್ರೂ ಇಟ್ಕೋಬೇಕಿತ್ತು."

ಮರ ನೋಡುವಾಗ ತಂದವರ ಮುಖ ನೋಡಬಾರದು ಎಂದು ಈ ವೃತ್ತಿ ಕಲಿಸುತ್ತದೆ. ಆ ದಿನ ನಾನು ಮುಖ ನೋಡಿಯೇ ಅರವತ್ತೆರಡನ್ನೂ ಕೆರೆದೆ. ವರದಿಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಪಶ್ಚಾತ್ತಾಪವೂ ಇಲ್ಲ.