ಉಪ್ಪಿಗೆ ಓಡಿದವನು

ಇದನ್ನು ಹೇಳಿಬಿಡಬೇಕೆಂದು ಕೂತು, ಹೇಳದೆ ಎದ್ದದ್ದು ಎಷ್ಟು ಸಲವೋ. ಒಮ್ಮೆ ಪೆನ್ನಿನ ಮಸಿ ಮುಗಿಯಿತು, ಒಮ್ಮೆ ಕನ್ನಡಕ ಸಿಗಲಿಲ್ಲ, ಮತ್ತೊಮ್ಮೆ ಎಲ್ಲವೂ ಸಿಕ್ಕಿ ನಿದ್ದೆ ಬಂತು. ಹೀಗೇ ನಾಲ್ಕು ವರ್ಷ ಕಳೆಯಿತು. ಇವತ್ತು ಬೆಳಿಗ್ಗೆ ಬಾಗಿಲ ಹಿಂದೆ ನಿಲ್ಲಿಸಿದ್ದ ಊರುಗೋಲು ತಾನಾಗಿಯೇ ಜಾರಿ ನನ್ನ ಕಾಲಿನ ಮೇಲೆ ಬಿತ್ತು. ಅದರ ತುದಿಗೆ ಮಡಚಿಡುವಂಥ ಕಬ್ಬಿಣದ ಹಲ್ಲುಗಳಿವೆ. ಬಿಡಿಸಿಕೊಂಡು ನಡೆದರೆ ಮಂಜುಗಡ್ಡೆಯನ್ನು ಕಚ್ಚಿ ಹಿಡಿಯುತ್ತವೆ. ಇವತ್ತು ಕಚ್ಚಿದ್ದು ನನ್ನ ಕಿರುಬೆರಳನ್ನು. ಇನ್ನೂ ಮುಂದೂಡಿದರೆ ಹೆಬ್ಬೆರಳಿಗೂ ಬಂದೀತೆಂದು ಬರೆಯಲು ಕೂತಿದ್ದೇನೆ.

ಊರುಗೋಲು ನನ್ನದಲ್ಲ, ಪಕ್ಕದ ಮನೆಯಲ್ಲಿದ್ದವರದು. ಇಟಲಿಯಿಂದ ಕೆನಡಾಕ್ಕೆ ಬಂದು, ನಮ್ಮ ಈ ಎಟೋಬಿಕೋದಲ್ಲಿ ಮನೆ ಮಾಡಿ, ಜೀವಮಾನವಿಡೀ ಇಟ್ಟಿಗೆ ಕಟ್ಟಿದ ಮನುಷ್ಯ. ಬಿಳಿ ಮೀಸೆ ಎಷ್ಟು ದಪ್ಪವೆಂದರೆ ನನ್ನ ಹೆಂಡತಿ ಸರೋಜ ಮೊದಲ ದಿನವೇ 'ಮೀಸೆ ಮಾಮ' ಎಂದು ಹೆಸರಿಟ್ಟುಬಿಟ್ಟಳು. ಅವರ ನಿಜವಾದ ಹೆಸರು ನನ್ನ ನಾಲಿಗೆಯಲ್ಲಿ ಹೊರಳುತ್ತಿರಲಿಲ್ಲ, ನನ್ನದು ಅವರ ನಾಲಿಗೆಯಲ್ಲಿ. ಅವರು ನನ್ನನ್ನು 'ಬಾಸ್' ಎನ್ನುತ್ತಿದ್ದರು, ನಾನು ಅವರನ್ನು 'ಸಾರ್' ಎನ್ನುತ್ತಿದ್ದೆ. ನಾನು ಬಾಸೂ ಅಲ್ಲ, ಏನೂ ಅಲ್ಲ. ತಿಪಟೂರಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ ಇಲ್ಲೇ ಪಕ್ಕದ ವಾನ್ ಊರಿನ ಗೋದಾಮೊಂದರಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದವನು. ಇಲ್ಲಿಯ ಕನ್ನಡದವರ ಕೂಟಗಳಲ್ಲಿ ಡಾಕ್ಟರು, ಇಂಜಿನಿಯರುಗಳೇ ಹೆಚ್ಚು. ಅಲ್ಲಿ ನಾನು ಹೋದೊಡನೆ ಬಡಿಸಲು ನಿಂತುಬಿಡುತ್ತಿದ್ದೆ. ಕೈಯಲ್ಲಿ ಸೌಟು ಇದ್ದವನನ್ನು 'ನೀವೇನು ಮಾಡ್ಕೊಂಡಿದೀರಿ' ಎಂದು ಯಾರೂ ಕೇಳುವುದಿಲ್ಲ ನೋಡಿ.

ಎರಡು ಸಾವಿರದ ಎಂಟರಲ್ಲಿ ನಾವು ಈ ಹಳೆಯ ಬಂಗಲೆ ಕೊಂಡೆವು. ಬಂಗಲೆಯೆಂದರೆ ಊರಿನವರು ಆಳುಕಾಳನ್ನೆಲ್ಲ ಕಲ್ಪಿಸಿಕೊಳ್ಳುತ್ತಾರೆ. ಇಲ್ಲಿ ಮಹಡಿಯಿಲ್ಲದ ಪುಟ್ಟ ಮನೆಗೇ ಆ ಹೆಸರು. ಮೊದಲ ಹಿಮ ಬಿದ್ದ ಬೆಳಿಗ್ಗೆ ನಾನು ಲೋಟ ಹಿಡಿದು, ಕಿಟಕಿಯಲ್ಲಿ ನಿಂತು, ಅಂದವನ್ನು ಸವಿಯುತ್ತಿದ್ದೆ. ಮೀಸೆ ಮಾಮ ಬಂದು ಗಾಜು ಬಡಿದರು. ಅವರ ಇಂಗ್ಲಿಷನ್ನು ಕನ್ನಡದಲ್ಲೇ ಹೇಳುತ್ತೇನೆ. ಅವರದಾಗಲಿ ನನ್ನದಾಗಲಿ ಇಂಗ್ಲಿಷಿನಲ್ಲಿ ಕೇಳುವಂತಿರಲಿಲ್ಲ.

“ಬಾಸ್, ಮೊದಲು ಸಲಿಕೆ, ಆಮೇಲೆ ಕಾಫಿ! ನಿನ್ನ ಮೆಟ್ಟಿಲಲ್ಲಿ ಯಾರಾದರೂ ಬಿದ್ದರೆ ಕೋರ್ಟಿಗೆ ಹೋಗೋದು ಹಿಮ ಅಲ್ಲ, ನೀನು.”

ಅವತ್ತೇ ಪಾಠ ಆಯಿತು. ಮೆಟ್ಟಿಲು, ದಾರಿ ಗೋರಬೇಕು. ಗೋರಿದ್ದನ್ನು ರಸ್ತೆಗೆ ತಳ್ಳಬಾರದು. ಗೋರಿದ ಮೇಲೆ ನೆಲ ಮತ್ತೆ ಗಡ್ಡೆ ಕಟ್ಟದಂತೆ ಉಪ್ಪು ಚೆಲ್ಲಬೇಕು. ಕಾಗದ ತರುವವನಿರಲಿ, ಕರೆಯದೆ ಬಂದವನಿರಲಿ, ನಮ್ಮ ದಾರಿಯಲ್ಲಿ ಕಾಲಿಟ್ಟವನ ಸೊಂಟಕ್ಕೆ ಮನೆಯವನೇ ಜವಾಬ್ದಾರ. ಇದು ಈ ದೇಶದ ಕಾನೂನು. ಪಾಠದ ಕೊನೆಗೆ ಆಲಿವ್ ಎಣ್ಣೆಯ ಖಾಲಿ ತಗಡಿನ ಡಬ್ಬದಲ್ಲಿ ಉಪ್ಪು ತುಂಬಿ ತಂದುಕೊಟ್ಟರು. “ಇದು ಬಾಗಿಲ ಹತ್ತಿರವೇ ಇರಲಿ,” ಎಂದರು. ಆ ಡಬ್ಬವನ್ನು ನೆನಪಿಟ್ಟುಕೊಳ್ಳಿ.

ಈಗ ನಮ್ಮ ಬಾಗಿಲಿನ ವಿಷಯ. ದಿನವೂ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದನ್ನು ಸರೋಜ ಕೆನಡಾಕ್ಕೆ ಬಂದ ಮೇಲೂ ಬಿಟ್ಟಿರಲಿಲ್ಲ. ಚಳಿಗಾಲದಲ್ಲಿ ಮಾತ್ರ ಒಳಗಿನಿಂದಲೇ ಒದ್ದೆ ಬಟ್ಟೆಯಲ್ಲಿ ಹೊಸ್ತಿಲು ಒರೆಸಿ, ಬಾಗಿಲ ಒಳಗೆ ಒಂದು ಮಣೆಯ ಮೇಲೆ ಎಳೆ ಎಳೆಯುತ್ತಿದ್ದಳು. ನಾನು ಅದನ್ನು ಎಂದೂ ಗಮನಿಸಿರಲಿಲ್ಲ. ಆ ಹೊತ್ತಿಗೆ ನಾನು ಹಾಸಿಗೆಯಲ್ಲಿರುತ್ತಿದ್ದೆ.

ಎರಡು ಸಾವಿರದ ಹನ್ನೊಂದರ ಸಂಕ್ರಾಂತಿಗೆ ಅವಳು ತಂಗಿಯ ಆಪರೇಷನ್ ಎಂದು ಊರಿಗೆ ಹೋಗಿದ್ದಳು. ಹಿಂದಿನ ದಿನ ಫೋನು.

“ಏನ್ರೀ, ನಾಳೆ ಹಬ್ಬ. ಬಾಗ್ಲಿಗೆ ನೀರು ಹಾಕಿ, ಎರಡು ಎಳೆ ರಂಗೋಲಿ ಬಿಡಿ. ಹಾಳುಬಿದ್ದ ಮನೆ ಥರ ಇಡ್ಬೇಡಿ.”

“ಆಯ್ತು ಕಣೇ, ನಂಗೇನ್ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಮೆಟ್ಟಿಲು, ದಾರಿಯ ತುಂಬ ಸುಣ್ಣ ಉದುರಿದಂತೆ ಉಪ್ಪಿನ ಬಿಳಿ ಕಲೆ. ಹಬ್ಬದ ದಿನ ಇದೆಂಥ ಕೊಳೆ ಎನಿಸಿತು. ಎರಡು ಬಕೆಟ್ ನೀರು ಕಾಯಿಸಿ, ಎತ್ತಿ ಎರಚಿ, ಪೊರಕೆ ಹಾಕಿ ತೊಳೆದೆ. ಬಿಸಿನೀರು ಗಡ್ಡೆ ಕಟ್ಟುವುದಿಲ್ಲ ಎಂಬುದು ನನ್ನ ವಿಜ್ಞಾನ. ಆ ವಿಷಯದಲ್ಲಿ ನಾನು ಮೂವತ್ತೈದು ಅಂಕಕ್ಕೆ ಪಾಸಾದವನು. ಸ್ನಾನ, ಪೂಜೆ ಮುಗಿಸಿ ಬರುವಷ್ಟರಲ್ಲಿ ದಾರಿ ಗಾರೆ ನೆಲದಂತೆ ಫಳಫಳ ಹೊಳೆಯುತ್ತಿತ್ತು. ನಾನು ಹೆಮ್ಮೆಪಟ್ಟೆ.

ಅಷ್ಟರಲ್ಲಿ ಮೀಸೆ ಮಾಮ ಅವರ ಅಂಗಳದಲ್ಲಿ ಕಂಡರು. ಎಳ್ಳುಬೆಲ್ಲದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತು ಕೂಗಿದೆ: “ಸಾರ್, ಕಮ್ ಕಮ್! ನಮ್ಮ ಹಬ್ಬ!” ಅವರು ನಗುತ್ತ ಬಂದರು. ನಾಲ್ಕನೆಯ ಹೆಜ್ಜೆಗೆ ಎರಡೂ ಕಾಲು ಗಾಳಿಯಲ್ಲಿದ್ದವು. ಬಿದ್ದ ಸದ್ದನ್ನು ಬರೆಯಲಾರೆ.

ನನ್ನ ಕೈಯ ತಟ್ಟೆ ಹಾರಿತು. ಎಳ್ಳು, ಬೆಲ್ಲ, ಕೊಬ್ಬರಿ ಎಲ್ಲ ಅವರ ಕೋಟಿನ ಮೇಲೆ. ಆ ಕ್ಷಣ ನನಗೆ ನೆನಪಾದದ್ದು ಗೋದಾಮಿನ ಗುರ್ಮೀತ್ ಯಾರದೋ ಕೇಸಿನ ಕಥೆ ಹೇಳುತ್ತ ಆಡಿದ್ದ ಮಾತು: “ಮಕಾನ್ ಗಯಾ ಸಮಝೋ, ಅಂಕಲ್!” ಮನೆ ಹೋಯಿತು ಅಂದುಕೊಳ್ಳಿ ಎಂದು.

ನಾನು ತಪ್ಪೊಪ್ಪಿಕೊಳ್ಳಬೇಕಾದದ್ದು ಇದನ್ನೇ. ನಾನು ಮೊದಲು ಓಡಿದ್ದು ಅವರ ಹತ್ತಿರಕ್ಕಲ್ಲ. ಒಳಗೆ ಓಡಿ, ಅವರೇ ಕೊಟ್ಟ ಡಬ್ಬ ತಂದು, ಬಿದ್ದವರ ಸುತ್ತ ಉಪ್ಪು ಚೆಲ್ಲಿದೆ. ತಲೆಯ ಹತ್ತಿರ, ಕಾಲಿನ ಹತ್ತಿರ, ಗದ್ದೆಗೆ ಗೊಬ್ಬರ ಹಾಕಿದ ಹಾಗೆ. ಡಬ್ಬ ಒಳಗಿಟ್ಟು ಬಂದ ಮೇಲೆ ಆಂಬುಲೆನ್ಸಿಗೆ ಫೋನ್ ಮಾಡಿದೆ. ಅದಾದ ಮೇಲೆ ಅವರ ತಲೆ ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ನೋವಿನಲ್ಲಿ ಕಣ್ಣು ಮುಚ್ಚಿದ್ದರು. ನೋಡಿಲ್ಲ ಎಂದುಕೊಂಡೆ. ಆಮೇಲೆ ನಿಧಾನಕ್ಕೆ ಕೈ ಆಡಿಸಿ, ಕೋಟಿನ ಮೇಲಿದ್ದ ಕೊಬ್ಬರಿ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಅಗಿದರು.

“ಬಾಸ್,” ಎಂದರು, “ಇದಕ್ಕೆ ಉಪ್ಪು ಜಾಸ್ತಿ.”

ಅವರ ಮಗಳು ವುಡ್‌ಬ್ರಿಡ್ಜ್‌ನಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ನಾನು ಹಾಸಿಗೆಯ ಪಕ್ಕ ನಿಂತಿದ್ದೆ. ಅವಳು ಸಿಟ್ಟಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಉಪ್ಪು ಹಾಕಿದ್ದೆಯಾ? “ಬೆಳಿಗ್ಗೆಯೇ ಹಾಕಿದ್ದೆ,” ಎಂದೆ. ಒಳ್ಳೆಯ ಮಾತಾಡಿಕೊಳ್ಳಬೇಕಾದ ಹಬ್ಬದ ದಿನ. ಅವಳು ತಂದೆಯ ಕಡೆ ತಿರುಗಿದಳು. ಸೊಂಟದ ಮೂಳೆ ಮುರಿದು ಮಲಗಿದ್ದ ಆ ಮನುಷ್ಯ ನನ್ನನ್ನೇ ನೋಡಿ ಹೇಳಿದರು:

“ಉಪ್ಪಿತ್ತು. ನಾನೇ ರುಚಿ ನೋಡಿದ್ದೇನೆ. ನನ್ನ ಬೂಟೇ ಹಳೇದು.”

ಕೇಸಿಲ್ಲ, ಕೋರ್ಟಿಲ್ಲ. ಮಾರನೆಯ ದಿನ ಸರೋಜಳಿಗೂ ಅದೇ ಸುಳ್ಳು ಹೇಳಿದೆ. ಮನೆ ಉಳಿಯಿತು, ಆದರೆ ಬಾಗಿಲು ದಾಟುವಾಗಲೆಲ್ಲ ನಾನು ತಲೆ ತಗ್ಗಿಸುವುದನ್ನು ಕಲಿತೆ.

ಎಪ್ಪತ್ತೆಂಟರ ಮುದುಕ ಇನ್ನು ಎದ್ದಾರೆಯೇ ಎಂದು ಎಲ್ಲರೂ ಅಂದುಕೊಂಡರು. ಮೀಸೆ ಮಾಮ ಆಸ್ಪತ್ರೆಯ ಸೂಪಿಗೆ ಬೈದೇ ಗುಣವಾದರು. ವಸಂತದಲ್ಲಿ ಈ ಊರುಗೋಲಿನಿಂದ ಮಣ್ಣಿನಲ್ಲಿ ತೂತು ಹೊಡೆದು ಟೊಮೇಟೊ ಸಸಿ ನೆಟ್ಟರು. ಮುಂದಿನ ಚಳಿಗಾಲದಿಂದ ಎರಡೂ ಮನೆಯ ಹಿಮ ಗೋರುವವನು ನಾನು, ಜಗಲಿಯಲ್ಲಿ ಕಂಬಳಿ ಹೊದ್ದು ಕೂತು ಕೋಲಿನಿಂದ ಕಟಕಟೆ ಬಡಿಯುವವರು ಅವರು. “ಬಾಸ್, ಆ ಮೂಲೆ! ಆ ಮೂಲೆ ನಿಮ್ಮಪ್ಪ ಬಂದು ಗೋರ್ತಾನಾ?” ಬೈಗುಳ ಕೇಳುವಾಗ ಹಗುರವೆನಿಸುತ್ತಿತ್ತು. ಮೂರು ಚಳಿಗಾಲ ಗೋರಿದೆ. ಆ ಒಂದು ಮಾತನ್ನು ಮಾತ್ರ ಆಡಲಿಲ್ಲ. ಗೋರುವುದೇ ಕ್ಷಮೆ ಕೇಳಿದ ಹಾಗೆ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡಿದ್ದೆ.

ಹೋದ ವರ್ಷ ಅವರು ಮಗಳ ಮನೆಗೆ ಹೊರಟರು. ಕಾರು ಹತ್ತುವ ಮೊದಲು ಊರುಗೋಲನ್ನು ನನ್ನ ಕೈಗಿಟ್ಟರು. “ಮಗಳು ಹೊಸದು ತಂದಿದ್ದಾಳೆ. ಈಗ ನೀನೂ ಮುದುಕ,” ಎಂದರು. ಆಗಲಾದರೂ ಬಾಯಿ ಬಿಡಬಹುದಿತ್ತು. “ಥ್ಯಾಂಕ್ಯೂ ಸಾರ್,” ಎಂದೆ.

ಇಷ್ಟು ಬರೆದು ಸರೋಜಳ ಕೈಗೆ ಕೊಟ್ಟೆ. ನಾಳೆ ಮತ್ತೆ ಸಂಕ್ರಾಂತಿ. ಅವಳು ಊರಿನ ಕೊಬ್ಬರಿ ಹೆಚ್ಚುತ್ತ ಕೂತಿದ್ದಳು. ಕೈ ಒರೆಸಿಕೊಂಡು ಓದಿದಳು.

“ಎರಡು ಬಕೆಟ್ಟಾ?” ಎಂದಳು.

“ಹೂಂ.”

“ಬಿಸಿನೀರು?”

“ಹೂಂ.”

ನಗು ತಡೆಯಲು ನೋಡಿದಳು, ಆಗಲಿಲ್ಲ. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದಳು: “ಅಲ್ರೀ, ಕನ್ನಡದಲ್ಲಿ ಬರೆದ್ರೆ ಅವ್ರು ಓದ್ತಾರಾ? ಇದೂ ಒಂದು ತಪ್ಪಿಸ್ಕೊಳ್ಳೋ ದಾರಿ ನಿಮ್ದು. ಎದ್ದು ಹೋಗಿ.”

ಎಳ್ಳುಬೆಲ್ಲದ ಪೊಟ್ಟಣ ಕಟ್ಟಿಕೊಟ್ಟಿದ್ದಾಳೆ. ಮೆಟ್ಟಿಲು ಗೋರಿ ಉಪ್ಪು ಹಾಕಿ ಬಂದೆ. ಕೋಲಿನ ಹಲ್ಲು ಬಿಡಿಸಿಟ್ಟಿದ್ದೇನೆ. ವುಡ್‌ಬ್ರಿಡ್ಜ್‌ಗೆ ಎರಡು ಬಸ್ಸು ಬದಲಿಸಬೇಕು. ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದೇನೆ. ಅದರಲ್ಲಿ ಬಿಸಿನೀರಿಲ್ಲ, ಹಬ್ಬವಿಲ್ಲ, ಗುರ್ಮೀತನಿಲ್ಲ. ಬಾಗಿಲು ತೆರೆದಾಗ ಸಾರ್ ಎನ್ನುವುದಿಲ್ಲ, ಮೀಸೆ ಮಾಮ ಎನ್ನುವುದಿಲ್ಲ. ಏಳು ವರ್ಷ ನಾಲಿಗೆಗೆ ಹೊರಳದ ಆ ಹೆಸರನ್ನೇ ಮೊದಲು ಹೇಳುತ್ತೇನೆ: ಡೊಮೆನಿಕೊ.