ಕಟ್ಟೆಮನೆಯ ವೀಳ್ಯ ಮತ್ತು ನನ್ನ ನಾಮಪತ್ರ

ನಾನು ಒಮ್ಮೆ ಶಾಸನಸಭೆಗೆ ಅಭ್ಯರ್ಥಿಯಾಗಿ ನಿಂತಿದ್ದೆ ಎಂದರೆ ಮನೆಯ ಮಕ್ಕಳು ನಗುತ್ತಾರೆ. ಅದೂ ಮದರಾಸು ರಾಜ್ಯದ ಶಾಸನಸಭೆಗೆ ಎಂದರೆ ನಂಬುವುದೇ ಇಲ್ಲ. ಆದರೆ ಕೊಳ್ಳೇಗಾಲ ೧೯೫೬ರ ನವೆಂಬರಿನವರೆಗೂ ಮದರಾಸು ರಾಜ್ಯಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೆಲವೇ ಮೈಲಿ ಆಚೆಗಿನ ಯಳಂದೂರು ಮೈಸೂರು ರಾಜ್ಯ. ನನ್ನ ಮನೆ ಈ ಕಡೆ, ಹೆಂಡತಿಯ ತವರು ಆ ಕಡೆ. ಮೊದಲ ಮಹಾಚುನಾವಣೆಯ ಮತದಾನ ನಮ್ಮ ಸೀಮೆಯಲ್ಲಿ ೧೯೫೨ರ ಜನವರಿಯಲ್ಲಿ ನಡೆಯಿತು; ನಾಮಪತ್ರದ ಕೆಲಸ ಅದಕ್ಕೂ ಕೆಲವು ವಾರ ಹಿಂದೆ, ಖರ ಸಂವತ್ಸರದ ಚಳಿಯಲ್ಲಿ. ಇಷ್ಟನ್ನು ಮುದ್ರಿತ ದಾಖಲೆಯಲ್ಲೂ ಪಂಚಾಂಗದಲ್ಲೂ ತಾಳೆ ನೋಡಿದ್ದೇನೆ. ನಾಮಪತ್ರ ಹಿಂತೆಗೆದುಕೊಳ್ಳುವ ಕಡೆಯ ದಿನದ ತಾರೀಖು ಮಾತ್ರ ನನ್ನ ದಿನಚರಿಯಲ್ಲಿ ಒಂದಿದೆ, ಕಚೇರಿಯ ಕಾಗದದ ನಕಲಿನಲ್ಲಿ ಮತ್ತೊಂದಿದೆ. ಎರಡರಲ್ಲಿ ಯಾವುದು ಸರಿ ಎಂದು ತೀರ್ಮಾನಿಸಲಾಗದ ಕಾರಣ ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ.

ಚುನಾವಣೆಯಲ್ಲಿ ಸೋತೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಬರೆಯಹೊರಟಿರುವುದು ಸೋಲಿನ ವಿಷಯವಲ್ಲ.

ಆಗ ನನಗೆ ಇಪ್ಪತ್ತೇಳು. ರೇಷ್ಮೆ ಸೀರೆ ನೇಯುವ ಮನೆಯವನು. ಕೊಯಮತ್ತೂರಿನಲ್ಲಿ ಓದಿ, ಹನೂರಿನಲ್ಲಿ ಎರಡು ವರ್ಷ ಪಾಠ ಹೇಳಿ, ಆ ಕೆಲಸ ಬಿಟ್ಟು ಊರೂರಿನ ಕಲ್ಲುಬರಹಗಳ ಪಡಿಯಚ್ಚು ತೆಗೆದುಕೊಂಡು ತಿರುಗುತ್ತಿದ್ದೆ. ಹನೂರು ಕಡೆಯ ಹಳ್ಳಿಗಳ ಹಿರಿಯರು ಸೇರಿ ನ್ಯಾಯ ತೀರ್ಮಾನ ಮಾಡುವ ಸಭೆಗೆ ಕಟ್ಟೆಮನೆ ಎಂದು ಹೆಸರು. ಚುನಾವಣೆಯ ಪ್ರಕಟಣೆ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬಂದಿದ್ದರಿಂದ ಅದನ್ನು ಓದಿ ತಿಳಿಸಲು ನನ್ನನ್ನು ಅಲ್ಲಿಗೆ ಕರೆಸಿದರು. ಓದಿ ಮುಗಿಸುವಾಗಲೇ ಅವರ ಕಷ್ಟ ನನಗೆ ತಿಳಿಯಿತು. ಆ ಕಡೆಯ ಇಬ್ಬರು ದೊಡ್ಡ ಒಕ್ಕಲಿನವರು, ದಾಯಾದಿಗಳು, ತಾನು ನಿಲ್ಲುತ್ತೇನೆಂದು ಇಬ್ಬರೂ ಹಟ ಹಿಡಿದಿದ್ದರು. ಕೆರೆ ನೀರಿನ ಸರದಿಗೆಂದು ಇವರ ಆಳುಗಳು ಹಿಂದೊಮ್ಮೆ ಬಡಿದಾಡಿ ಒಬ್ಬನ ಕೈ ಹೋಗಿತ್ತು. ಈಗ ಇಬ್ಬರೂ ಎದುರೆದುರು ನಿಂತರೆ ಕೈಯಷ್ಟೇ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಕಟ್ಟೆಮನೆಯ ಯಜಮಾನರು ನನ್ನ ಕಡೆ ತಿರುಗಿದರು. "ಮೇಷ್ಟ್ರೆ, ನೀವು ಇವರ ಪೈಕೀನೂ ಅಲ್ಲ, ಅವರ ಪೈಕೀನೂ ಅಲ್ಲ. ತಮಿಳ್ನಾಗೆ ಎದ್ ನಿಂತು ಮಾತಾಡಬಲ್ರಿ. ನೀವೇ ನಿಂತ್ಕಳಿ."

ತಟ್ಟೆಯಲ್ಲಿ ವೀಳ್ಯ ಬಂತು. ಒಲ್ಲೆ ಎನ್ನಬಹುದಿತ್ತು; ಎನ್ನಲಿಲ್ಲ. ಕೊಳ್ಳೇಗಾಲ ಮೈಸೂರಿಗೆ ಸೇರಬೇಕೆಂದು ಮದರಾಸಿನ ಸಭೆಯಲ್ಲಿ ನಾನೇ ಎದ್ದು ಹೇಳುವ ಚಿತ್ರ ಕಣ್ಣೆದುರು ಬಂತು. ಎರಡೂ ಕೈ ಒಡ್ಡಿ ತೆಗೆದುಕೊಂಡೆ. ದಾಯಾದಿಗಳು ಒಪ್ಪಿದರು, ಆದರೆ ಒಬ್ಬರನ್ನೊಬ್ಬರು ನಂಬದೆ ತಾವೂ ನಾಮಪತ್ರ ಹಾಕಿದರು. ಮೇಷ್ಟ್ರು ನಿಲ್ಲುವುದು ಖಚಿತವಾದರೆ ಕಡೆಯ ದಿನ ಇಬ್ಬರೂ ಒಟ್ಟಿಗೆ ಹಿಂತೆಗೆದುಕೊಳ್ಳುವುದೆಂದು ಮಾತಾಯಿತು.

ನಾನೂ ನಾಮಪತ್ರ ಸಲ್ಲಿಸಿದೆ. ಅದಾದ ಮೂರನೆಯ ದಿನ ಮೈಸೂರಿನಿಂದ ಲಕೋಟೆ ಬಂತು. ವರ್ಷದ ಹಿಂದೆ ಅರ್ಜಿ ಹಾಕಿ ಮರೆತಿದ್ದ ಕೆಲಸ: ಶಾಸನಗಳನ್ನು ಓದಿ ಪಟ್ಟಿ ಮಾಡುವ ಸಹಾಯಕನ ಹುದ್ದೆ. ಅದು ಬಿಟ್ಟು ನನಗೆ ಬೇರೆ ಆಸೆಯೇ ಇರಲಿಲ್ಲ. ಮತದಾನಕ್ಕೆ ಮುಂಚೆಯೇ ಹಾಜರಾಗಬೇಕು, ಚುನಾವಣೆಗೆ ನಿಂತವರಿಗೆ ಅವಕಾಶವಿಲ್ಲ ಎಂದು ಆಜ್ಞೆಯಲ್ಲಿ ಸ್ಪಷ್ಟವಾಗಿತ್ತು.

ಕಾಯಿದೆಯ ಪ್ರಕಾರ ದಾರಿ ಸುಲಭವಾಗಿತ್ತು. ಕಡೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಬರವಣಿಗೆಯಲ್ಲಿ ಕೊಟ್ಟರೆ ನಾಮಪತ್ರ ಹಿಂದಕ್ಕೆ ಬರುತ್ತದೆ. ಹಾಗೆ ಕೊಟ್ಟ ಕಾಗದವನ್ನು ಮತ್ತೆ ರದ್ದು ಮಾಡುವಂತಿಲ್ಲ. ಕಟ್ಟೆಮನೆಯ ಕಟ್ಟಳೆ ಬೇರೆ. ಅಲ್ಲಿ ಪಡೆದ ವೀಳ್ಯವನ್ನು ಒಬ್ಬರ ಕೈಗೆ, ಒಬ್ಬರ ಮನೆಯಲ್ಲಿ ಹಿಂದಿರುಗಿಸುವ ಹಾಗಿಲ್ಲ. ಕೊಟ್ಟ ಹಿರಿಯರೆಲ್ಲ ಮತ್ತೆ ಕೂತಾಗ, ಅಗಿಯದೆ ಉಳಿಸಿದ ಅದೇ ಎಲೆಯನ್ನು ಅವರ ಮುಂದಿಡಬೇಕು.

ಅಪ್ಪ ಗುಂಡಿಮಗ್ಗದಲ್ಲಿ ಕುಳಿತಿದ್ದವರು ಲಾಳಿ ನಿಲ್ಲಿಸಿ ನನ್ನ ಮಾತನ್ನೆಲ್ಲ ಕೇಳಿದರು. "ಮೈಸೂರ್ಗೆ ಓಗು, ಬ್ಯಾಡ ಅನ್ನಲ್ಲ. ಆದ್ರೆ ಕೊಟ್ಟೋರ್ಗೆ ಕೊಟ್ಟು ಓಗು. ಅವ್ರ ಬೆನ್ನಿಂದೆ ಕಚೇರೀಲಿ ಕಾಗ್ದ ಕೊಟ್ರೆ ಅದು ಕಳ್ಳತನ ಕಣಪ್ಪ."

ಅವ್ವ ಆ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನಲ್ಲಿ ಇಟ್ಟಿದ್ದರು. ಆ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಹನೂರಿಗೆ ಹೋದೆ.

ಯಜಮಾನರು ನನ್ನನ್ನು ಪ್ರೀತಿಯಿಂದಲೇ ಕೂರಿಸಿದರು. "ವಾಪಸ್ ತಕತೀವಿ ಮೇಷ್ಟ್ರೆ, ಅದ್ಕೇನಂತೆ. ಆದ್ರೆ ನಾನೊಬ್ನೆ ಎಂಗ್ ತಕಳ್ಳಿ? ಕೊಟ್ಟಿದ್ದು ಕಟ್ಟೆ. ಕಟ್ಟೆ ಕೂರ್ಬೇಕು."

"ಯಾವತ್ತು ಕೂರುತ್ತದೆ?"

"ರಾಮಾಪುರದವ್ರು ಬರ್ಬೇಕಲ್ಲ. ಅವ್ರ್ನ ಒಂದ್ ಮಾತ್ ಕೇಳ್ಕಂಡು ಬನ್ನಿ."

ರಾಮಾಪುರಕ್ಕೆ ಹೋದೆ. ಅಲ್ಲಿಯ ಹಿರಿಯರು ಮನೆಯಲ್ಲಿರಲಿಲ್ಲ. ಅವರ ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. "ದನ ನೋಡಕ್ಕೆ ಗೋಪಿನಾಥಕ್ಕೆ ಓಗವ್ನೆ. ಕಾಡ್ ದಾರಿ. ಯಾವತ್ ಬಂದಾನೋ ಮಾದಪ್ಪನೇ ಬಲ್ಲ" ಎಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓಟ್ಗೆ ನಿಂತಿರೋ ಮೇಷ್ಟ್ರು ನೀವೇಯಾ? ಕಡ್ಡಿ ಅಂಗಿದ್ದೀರಲ್ಲ! ಆ ಮದ್ರಾಸ್ನೋರು ಉಫ್ ಅಂದ್ರೆ ಆರೋಯ್ತೀರಿ. ತಾಳಿ, ಮಜ್ಜಿಗೆ ಕುಡೀರಿ."

ಬಸ್ಸಿಗೆ ಕಾಯುತ್ತಾ ನಿಂತರೆ ಅಲ್ಲಿಯೂ ಬಿಡುಗಡೆಯಿರಲಿಲ್ಲ. ಸೌದೆ ಹೊರೆ ಇಳಿಸಿ ಕೂತಿದ್ದವನೊಬ್ಬ, "ಸಾ, ನೀವು ಗೆದ್ರೆ ಈ ಬಸ್ಸ ಗೋಪಿನಾಥದ ಗಂಟ ಬುಡಿಸ್ಬೇಕು ಕಣ್ರಿ" ಎಂದ. ಅವನ ಜೊತೆಗಾರ, "ಲೇ, ಮೊದ್ಲು ಅವ್ರಿಗೇ ಬಸ್ಸು ಸಿಕ್ಲಿ ಕಣ್ಲಾ" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಹಿಂತೆಗೆದುಕೊಳ್ಳಲು ಬಂದಿದ್ದೇನೆಂದು ಹೇಳುವ ಧೈರ್ಯ ನನಗಾಗಲಿಲ್ಲ.

ಹೀಗೆ ಆ ವಾರದಲ್ಲಿ ನಾಲ್ಕು ಸಲ ಅಲೆದೆ. ನನ್ನ ದಿನಚರಿಯಲ್ಲಿ ಮೂರು ಎಂದಿದೆ. ಆದರೆ ಪುಸ್ತಕದ ನಡುವೆ ಉಳಿದಿರುವ ಬಸ್ಸಿನ ಚೀಟಿಗಳು ನಾಲ್ಕು ಪ್ರಯಾಣದವು, ಆದ್ದರಿಂದ ನಾಲ್ಕು ಎಂದೇ ಬರೆಯುತ್ತೇನೆ. ಒಬ್ಬರು ನೆಂಟರ ಮನೆಯ ತಿಥಿಗೆ ಹೋಗಿದ್ದರು, ಒಬ್ಬರಿಗೆ ಜ್ವರ, ಒಬ್ಬರ ರಾಗಿ ಕಣದಲ್ಲಿತ್ತು. ಯಾರೂ ಆಗದು ಎನ್ನಲಿಲ್ಲ. ಎಲ್ಲರೂ ಕಟ್ಟೆ ಕೂರಲಿ ಎಂದರು, ಕಟ್ಟೆ ಕೂರಲಿಲ್ಲ. ಕಟ್ಟಳೆಯನ್ನು ಮುರಿಯದೆ, ಒಂದು ಒರಟು ಮಾತನ್ನೂ ಆಡದೆ ಅವರು ನನ್ನನ್ನು ಕಟ್ಟಿಹಾಕಿದ್ದರು. ಎಲೆಗಳ ಅಂಚು ಹಳದಿಯಾಗತೊಡಗಿತು.

ಕಡೆಯ ದಿನ ಹಿಂತೆಗೆತದ ಕಾಗದ ಬರೆದು ಸಹಿ ಹಾಕಿ, ಗಂಟನ್ನೂ ಹಿಡಿದು ಕೊಳ್ಳೇಗಾಲದ ಕಚೇರಿಗೆ ನಡೆದೆ. ಕಳ್ಳತನವೆಂದರೆ ಕಳ್ಳತನವೇ ಆಗಲಿ ಎಂದು ಗಟ್ಟಿಮಾಡಿಕೊಂಡಿದ್ದೆ. ಅಪ್ಪ ಮಗ್ಗ ಬಿಟ್ಟು ಹಿಂದೆ ಬಂದರು.

ಕಚೇರಿಯ ಜಗಲಿಯ ಮೇಲೆ ಜಮಖಾನ ಹಾಸಿತ್ತು. ಅದರ ಮೇಲೆ ಕಟ್ಟೆಮನೆಯ ಹಿರಿಯರು ಒಬ್ಬರೂ ತಪ್ಪದೆ ಕುಳಿತಿದ್ದರು. ಜ್ವರದವರು ಕಂಬಳಿ ಹೊದ್ದು ಬಂದಿದ್ದರು. ಗೋಪಿನಾಥಕ್ಕೆ ಹೋಗಿದ್ದವರ ಪಂಚೆಯ ಮೇಲೆ ದಾರಿಯ ಧೂಳು ಹಾಗೆಯೇ ಇತ್ತು. ಈ ತುದಿಗೊಬ್ಬ, ಆ ತುದಿಗೊಬ್ಬ ದಾಯಾದಿಗಳು. ಇಬ್ಬರ ಕೈಯಲ್ಲೂ ಮಡಿಸಿದ ಕಾಗದ.

ಯಜಮಾನರು ಅಪ್ಪನಿಗೆ ಜಮಖಾನದ ಮೇಲೆ ಜಾಗ ಬಿಟ್ಟರು. ಆ ಒಕ್ಕಲಿನವರ ಮನೆಗಳಿಗೆ ಸೀರೆ ಹೊತ್ತು ಹೋದಾಗಲೆಲ್ಲ ಅಪ್ಪ ನಿಂತೇ ಮಾತನಾಡಿ ಬಂದವರು. ಆ ದಿನವೂ ಮೊದಲು ಅನುಮಾನಿಸಿದರು. "ಕೂತ್ಕಳಿ ಅಂದ್ರೆ" ಎಂದು ರಾಮಾಪುರದವರು ಕೈ ಹಿಡಿದು ಎಳೆದ ಮೇಲೆ ಕೂತರು.

"ಕಟ್ಟೆ ಕೂತದೆ ಮೇಷ್ಟ್ರೆ" ಎಂದರು ಯಜಮಾನರು. "ನೀವು ಕೇಳಿದ್ ಆಯ್ತು. ಕೊಡೋದಾದ್ರೆ ಕೊಡಿ, ತಕತೀವಿ. ಆಮೇಕೆ ಇವರಿಬ್ರೂ ಅವರವರ ಕಾಗ್ದವ ಜೇಬಿಗೆ ಇಟ್ಕತಾರೆ. ಏನಾಯ್ತದೋ ಆಗ್ಲಿ."

ಒಬ್ಬ ದಾಯಾದಿ ನಕ್ಕ. "ಕೊಡ್ಲಿ ಬುಡಿ ಮಾವ. ನಾವೇನ್ ಓಟಿಗೆ ಎದರ್ತೀವಾ?"

"ಎದರ್ದೆ ಇರೋನು ಇಲ್ಲಿಗ್ಯಾಕ್ಲಾ ಬಂದೆ?" ಎಂದ ಇನ್ನೊಬ್ಬ.

ಗಂಟು ನನ್ನ ಕೈಯಲ್ಲಿತ್ತು. ವಾರವಿಡೀ ನಾನು ಬೇಡಿದ್ದು ಈ ಸಭೆಯನ್ನೇ. ಈಗ ಅದು ಕೂತಿತ್ತು, ಮತ್ತು ಎಲ್ಲವೂ ನನ್ನ ಒಂದು ಮಾತಿಗೆ ಕಾದಿತ್ತು. ಅಪ್ಪ ನನ್ನನ್ನು ನೋಡಲಿಲ್ಲ. ಜಮಖಾನದ ಅಂಚಿನ ನೂಲನ್ನು ಬೆರಳಿನಿಂದ ಒತ್ತಿ ಸರಿಪಡಿಸುತ್ತಿದ್ದರು.

"ನಿಲ್ಲುತ್ತೇನೆ" ಎಂದೆ.

ದಾಯಾದಿಗಳು ಒಬ್ಬರನ್ನೊಬ್ಬರು ಕಣ್ಣಲ್ಲೇ ಕಾಯುತ್ತಾ ಎದ್ದು, ಒಂದೇ ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಒಳಗೆ ಹೋಗಿ, ಕಾಗದಗಳನ್ನು ಅಧಿಕಾರಿಯ ಮೇಜಿನ ಮೇಲೆ ಒಟ್ಟಿಗೆ ಇಟ್ಟರು. ಗುಮಾಸ್ತ ಮುದ್ರೆ ಒತ್ತಿದ.

ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಆಗ ನನಗೆ ಹೊಳೆಯಿತು: ಅವರಿಬ್ಬರೂ ಇನ್ನು ನಿಲ್ಲುವಂತಿಲ್ಲ. ನನ್ನ ಜೇಬಿನ ಕಾಗದವನ್ನು ಈಗ ಕೊಟ್ಟರೆ ಯಾರ ತಲೆಯೂ ಒಡೆಯುವುದಿಲ್ಲ. ಕಟ್ಟೆಯೂ ಎದುರಿಗೇ ಕೂತಿದೆ. ಮೈಸೂರಿನ ಕೆಲಸ ಇನ್ನೂ ನನ್ನದೇ.

ಯಜಮಾನರು ನನ್ನ ಪಕ್ಕಕ್ಕೆ ಬಂದು ನಿಂತು ಗಡಿಯಾರ ನೋಡಿದರು. "ನಂಗೂ ಟೈಮು ನೋಡಕ್ ಬತ್ತದೆ ಮೇಷ್ಟ್ರೆ" ಎಂದರು ಮೆಲ್ಲಗೆ. "ಇನ್ನೂ ಒತ್ತು ಅದೆ. ನಾನು ಅಡ್ಡ ಬರಕಿಲ್ಲ."

ಅಡ್ಡ ಬಂದಿದ್ದರೆ ಬಹುಶಃ ಅವರನ್ನು ತಳ್ಳಿ ಒಳಗೆ ಹೋಗುತ್ತಿದ್ದೆ. ಆದರೆ ನನ್ನ ಮಾತನ್ನು ನಂಬಿಯೇ ಆ ಇಬ್ಬರು, ತಮ್ಮ ತಮ್ಮಲ್ಲಿ ನಂಬಿಕೆಯಿಲ್ಲದವರು, ಮರಳಿ ಪಡೆಯಲಾಗದ ಕಾಗದವನ್ನು ಕೊಟ್ಟು ಹೊರಬಂದಿದ್ದರು. ಆ ಹಳ್ಳಿಗಳ ಪರವಾಗಿ ಕಣದಲ್ಲಿ ಉಳಿದಿದ್ದವನು ನಾನೊಬ್ಬನೇ. ಹತ್ತು ನಿಮಿಷ ನಿಂತೆ. ಮೂರು ಹೊಡೆಯಿತು. ಗುಮಾಸ್ತ ಉಳಿದ ಅಭ್ಯರ್ಥಿಗಳ ಹೆಸರನ್ನು ತಮಿಳು ಉಚ್ಚಾರಣೆಯಲ್ಲಿ ಓದಿದ. ನನ್ನ ಹೆಸರು ಬೇರೆ ಯಾರದೋ ಎಂಬಂತೆ ಕೇಳಿಸಿತು.

"ನಾಳೆ ಒತ್ತಾರೆಗೆ ರಾಮಾಪುರದಿಂದ ಸುರು ಮಾಡವ" ಎಂದರು ಯಜಮಾನರು.

ಸಂಜೆಯ ಬಸ್ಸಿಗೆ ಯಳಂದೂರಿಗೆ ಹೋದೆ. ತವರಿನಲ್ಲಿದ್ದ ಹೆಂಡತಿ ಆಗ ಆರು ತಿಂಗಳ ಬಸುರಿ. ಮೈಸೂರಿನಲ್ಲಿ ಬಾಡಿಗೆ ಮನೆಯೊಂದನ್ನು ತನ್ನ ಚಿಕ್ಕಪ್ಪನ ಮೂಲಕ ಅವಳೇ ಗೊತ್ತುಮಾಡಿಸಿದ್ದಳು. ನಡೆದುದನ್ನೆಲ್ಲ ಹೇಳಿದೆ. ಅಳಲಿಲ್ಲ, ಬೈಯಲೂ ಇಲ್ಲ.

"ಗೆದ್ರೆ ಮದ್ರಾಸು" ಎಂದಳು. "ಸೋತ್ರೆ ನಾವು ಎಲ್ಗೋಗದು?"

"ನಾಳೆ ಬೆಳಿಗ್ಗೆ ರಾಮಾಪುರಕ್ಕೆ ಹೋಗಬೇಕು" ಎಂದೆ.

"ನಾ ಕೇಳಿದ್ದು ನಾಳೆ ಮಾತಲ್ಲ" ಎಂದು ಅವಳು ನನಗೆ ಊಟಕ್ಕೆ ಎಲೆ ಹಾಕಲು ಎದ್ದಳು.