ಚಂಚಿಯಲ್ಲಿಟ್ಟ ಪುಟಾಣಿ

ಚನ್ನಕ್ಕನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ತೊಂಬತ್ತಾರರ ಬೇಸಿಗೆ, ಪೀಣ್ಯದಲ್ಲಿ ಹೊಸ ಕಾರ್ಖಾನೆಯೊಂದರ ಗೋಡೆ ಏಳುತ್ತಿತ್ತು. ಬಾಗಲಕೋಟೆ ಕಡೆಯಿಂದ ಗಂಡ ಭೀಮಪ್ಪನ ಜೊತೆ ಬಂದು ರಾಜಗೋಪಾಲನಗರದ ಬಾಡಿಗೆ ಕೋಣೆ ಸೇರಿದ್ದ ಅವಳು ಅಲ್ಲಿ ಜಲ್ಲಿ ಹೊರುತ್ತಿದ್ದಳು. ಬುಟ್ಟಿ ಇಳಿಸಿದ ಕೂಡಲೇ ಕೈ ತಾನಾಗಿ ಸೊಂಟದ ಎಲೆಯಡಿಕೆ ಚೀಲಕ್ಕೆ ಹೋಗುವುದು, ಸುಟ್ಟುಕೊಂಡವರಂತೆ ಹಿಂದಕ್ಕೆಳೆದುಕೊಳ್ಳುವಳು. ತಂಬಾಕು ಬಿಟ್ಟು ವಾರವೂ ಆಗಿರಲಿಲ್ಲ. ಅಷ್ಟರಲ್ಲೇ ಭೀಮಪ್ಪನಿಗೂ ಬೈದಿದ್ದಳು, ಹತ್ತದ ಸ್ಟೋವಿಗೂ ಬೈದಿದ್ದಳು.

ಬಿಡಲೇಬೇಕಿತ್ತು. ಅವಳಿಗೀಗ ಆರು ತಿಂಗಳು. ಮೊದಲ ಮಗಳು ನೀಲಾಂಬಿಕಾ ಹುಟ್ಟಿದಾಗ ಗುಬ್ಬಿಮರಿಯಷ್ಟಿದ್ದಳು. ಹಾಲೆಳೆಯಲೂ ತ್ರಾಣವಿಲ್ಲದ ಆ ಕೂಸನ್ನು ಹತ್ತಿಯಲ್ಲಿ ಸುತ್ತಿ, ಎದೆಗೊತ್ತಿಕೊಂಡೇ ಉಳಿಸಿಕೊಂಡಿದ್ದಳು. ಬಸುರಿ ಹಾಕುವ ತಂಬಾಕು ಕೂಸನ್ನು ಹಾಗೆ ಸೊರಗಿಸುತ್ತದೆಂದು ಹೆರಿಗೆ ಆಸ್ಪತ್ರೆಯ ನರ್ಸ್ ವಸಂತಮ್ಮ ಈ ಸಲ ಹೇಳಿದ ಮೇಲೆ ಅವಳ ನಿದ್ದೆ ಹಾರಿಹೋಗಿತ್ತು.

"ಬಾಯಿಗೆ ಏನಾದ್ರೂ ಬೇಕು ಅನ್ಸಿದ್ರೆ ಹುರಿಗಡಲೆ ಹಾಕ್ಕೊ, ಅದೇ ನಿಮ್ಮ ಕಡೆ ಪುಟಾಣಿ" ಎಂದಿದ್ದರು ವಸಂತಮ್ಮ.

ಚನ್ನಕ್ಕ ಪುಟಾಣಿ ತಂದಳು. ತಂದು, ಸೊಂಟದ ಚಂಚಿಯಲ್ಲೇ ತುಂಬಿಕೊಂಡಳು. ಎಲೆಗೊಂದು, ಅಡಿಕೆಗೊಂದು, ತಂಬಾಕಿಗೊಂದು ಎಂದು ಖಾನೆ ಹೊಲಿದ ಬಟ್ಟೆಚೀಲ ಅದು. ಅವಳ ಕಡೆಯ ಹೆಂಗಸರಿಗೆ ಚಂಚಿಯಿಲ್ಲದ ಸೊಂಟವೆಂದರೆ ಕುಂಕುಮವಿಲ್ಲದ ಹಣೆ. ತಂಬಾಕನ್ನು ಕೊಡವಿ ಚೆಲ್ಲಿದ್ದಾಯಿತಲ್ಲ, ಚಂಚಿ ಏನು ಪಾಪ ಮಾಡಿತ್ತು?

ಆದರೆ ಪುಟಾಣಿ ತಿಂದಷ್ಟೂ ಚಡಪಡಿಕೆ ಹೆಚ್ಚಿತು. ಚಂಚಿಯ ದಾರ ಸಡಿಲಿಸಿದರೆ ಸಾಕು, ಬಾಯಲ್ಲಿ ನೀರೂರಿ ಎದೆ ಡವಗುಟ್ಟುತ್ತಿತ್ತು.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಹೆಂಗಸರು ನೆರಳಲ್ಲಿ ದುಂಡಗೆ ಕೂರುತ್ತಿದ್ದರು. ಒಬ್ಬರ ಚಂಚಿಯಿಂದ ಎಲೆ, ಇನ್ನೊಬ್ಬರದರಿಂದ ಸುಣ್ಣ. ತಂಬಾಕು ತಿಕ್ಕಿ ಹಂಚುವುದು ಮಾತ್ರ ಎಲ್ಲರಿಗೂ ಹಿರಿಯಳಾದ ಸಿದ್ದಕ್ಕ. ಅವಳು ಚನ್ನಕ್ಕನ ಊರಿನವಳೇ. ಅಂದು ಚನ್ನಕ್ಕನತ್ತ ಅಂಗೈ ಚಾಚಿ, "ಹಿಡೀ" ಎಂದಳು.

"ಬ್ಯಾಡ ಸಿದ್ದಕ್ಕ. ಕೂಸಿಗೆ ಆಗೂದಿಲ್ಲಂತ ನರ್ಸಮ್ಮ ಹೇಳ್ಯಾಳ."

"ನಾ ನಾಕು ಹಡದೀನಿ, ನಾಕೂ ಗೂಳಿ ಹಂಗ ಅದಾವ. ಯಾವ ನರ್ಸಮ್ಮನ್ನ ಕೇಳಿದ್ನೇನ?" ಹೆಂಗಸರು ನಕ್ಕರು. ಸಿದ್ದಕ್ಕ ಬಿಡಲಿಲ್ಲ. "ಪ್ಯಾಟಿ ನೀರು ಕುಡದು ದೊಡ್ಡಾಕಿ ಆಗೀದಿ. ನಮ್ಮ ಕೈಯಾಂದು ಈಗ ಹೊಲಸಾತು."

ಚಾಚಿದ ಕೈಯನ್ನು ಬೇಡವೆನ್ನುವುದೆಂದರೆ ಕೆನ್ನೆಗೆ ಹೊಡೆದಂತೆ. ಚನ್ನಕ್ಕ ಇನ್ನೂ ಯೋಚಿಸುತ್ತಿದ್ದಳು. ಬೆರಳು ಆಗಲೇ ಚಿಟಿಕೆ ಎತ್ತಿ ತುಟಿಯೊಳಗೆ ಇಟ್ಟಾಗಿತ್ತು. ಕಾದಳು. ತಲೆ ಗಿರ್ರೆಂದಿತು, ವಸಡು ಉರಿಯಿತು. ಅಷ್ಟೇ. ಇಷ್ಟು ದಿನ ಕಾಡಿದ್ದ ಆ ದೊಡ್ಡ ಸುಖ ಎಲ್ಲಿ? ಉಗುಳಿ ಬಾಯಿ ಮುಕ್ಕಳಿಸಿದಳು. ಹೊತ್ತು ಇಳಿಯುವಷ್ಟರಲ್ಲಿ ಮತ್ತೆ ಬೇಕೆನಿಸತೊಡಗಿತು. ಅವಳಿಗೆ ನಿಜವಾಗಿ ಭಯವಾದದ್ದು ಆಗ.

ಮರುದಿನ ಕೂಲಿ ತಪ್ಪಿಸಿ ಆಸ್ಪತ್ರೆಗೆ ಹೋದಳು.

"ಹಾಕ್ಕೊಂಡುಬಿಟ್ಟೆ ಅಕ್ಕಾರ. ಚಲೋನೂ ಅನಸಲಿಲ್ಲ. ಆದ್ರೂ ಮತ್ತ ಬೇಕು ಅಂತೈತಿ. ನನಗೇನ ಹುಚ್ಚು ಹಿಡದೈತೇನ್ರಿ?"

"ಹುಚ್ಚಲ್ಲ ಕಣಮ್ಮ" ಎಂದರು ವಸಂತಮ್ಮ. "ಮೆದುಳಲ್ಲಿ ಖುಷಿ ಕೊಡೋ ಜಾಗ ಅಂತ ಒಂದಿದೆ. ಹಸಿದಾಗ ಊಟ, ಮಗು ನಗು, ಎಲ್ಲಕ್ಕೂ ದೀಪ ಹತ್ತೋದು ಅಲ್ಲೇ. ತಂಬಾಕು ಅಲ್ಲಿಗೆ ನುಗ್ಗಿ ಭಗ್ ಅಂತ ಹತ್ತಿಸುತ್ತೆ. ಬರ್ತಾ ಬರ್ತಾ ಸುಖ ಕಮ್ಮಿ ಆಗುತ್ತೆ, ಬೇಕು ಅನ್ನೋದು ಮಾತ್ರ ಬೆಳೀತಾ ಹೋಗುತ್ತೆ. ಆಮೇಲೆ ತಂಬಾಕೇ ಬೇಕಾಗಿಲ್ಲ, ಅದರ ವಾಸನೆ ಬಂದ್ರೆ ಸಾಕು, ಹಾಕ್ಕೊಳ್ಳೋ ಹೊತ್ತಾದ್ರೆ ಸಾಕು, ಆಸೆ ಏಳುತ್ತೆ. ಅದಿರ್ಲಿ, ಪುಟಾಣಿ ತಿಂತಿದ್ದೀಯ ತಾನೇ?"

ಚನ್ನಕ್ಕ ಚಂಚಿ ಬಿಚ್ಚಿ ತೋರಿಸಿದಳು. ವಸಂತಮ್ಮ ಇನ್ನೂ ತಂಬಾಕಿನ ವಾಸನೆಯಿದ್ದ ಅದನ್ನು ಮೂಗಿಗೆ ಹಿಡಿದು ನಕ್ಕುಬಿಟ್ಟರು. "ಬೆಕ್ಕನ್ನ ಹಾಲಿನ ಪಾತ್ರೆ ಮುಂದೆ ಕೂರಿಸಿ ಉಪವಾಸ ಮಾಡು ಅಂದಂಗಾಯ್ತಲ್ಲ ತಾಯಿ."

ಆಮೇಲೆ ಮೆಲ್ಲಗೆ ಹೇಳಿದರು, "ಒಂದ್ಸಲ ಜಾರಿದ್ರೆ ಎಲ್ಲಾ ಮುಳುಗಿಹೋಗಲ್ಲ. ಬೇಕು ಅನ್ಸಿದಾಗ ಎದ್ದು ಬೇರೆ ಕಡೆ ಹೋಗು, ಕೈಗೊಂದು ಕೆಲಸ ಕೊಡು. ಆಸೆ ಬಂದಂಗೇ ಇಳಿಯುತ್ತೆ. ಮೆದುಳು ಹೊಸ ದಾರಿ ಕಲಿಯೋಕೆ ತಿಂಗಳುಗಟ್ಟಲೆ ಬೇಕು, ಅವಸರ ಮಾಡ್ಬೇಡ."

ಮಾರನೆಯ ಮಧ್ಯಾಹ್ನ ಚನ್ನಕ್ಕ ಚಂಚಿಯನ್ನು ಸಿದ್ದಕ್ಕನ ಮಡಿಲಿಗೆ ಹಾಕಿದಳು.

"ನೀನ ಇಟ್ಕೋ. ನಿನ್ನ ಕೈ ಹೊಲಸಲ್ಲ ಯವ್ವಾ. ಆ ಕೈ ಕಂಡ್ರ ನನಗ ತಡಕೊಳ್ಳಾಕ ಆಗೂದಿಲ್ಲ, ಅದಕ್ಕ ದೂರ ಕುಂದರತೀನಿ. ನೀಲಾ ಹುಟ್ಟಿದಾಗ ಹೆಂಗಿದ್ಲು, ನೀನೂ ನೋಡೀದಿ."

ಸಿದ್ದಕ್ಕ ಚಂಚಿಯನ್ನು ಮಡಿಲಿನಿಂದ ಎತ್ತಿ ಪಕ್ಕಕ್ಕಿಟ್ಟಳು. ಆ ಕೂಸಿಗೆ ಕಾವು ಕೊಡಲು ಅವಳೂ ರಾತ್ರಿಗಟ್ಟಲೆ ಕೂತಿದ್ದಳು. ಕೊನೆಗೆ, "ಹಂಗಾರ ಸುಮ್ನ ಯಾಕ ನಿಂತಿ? ಆ ಗ್ವಾಡಿ ಒಣಗೇತಿ, ನೀರು ಹೊಡಿ ಹೋಗು" ಎಂದು ಆಚೆ ಮುಖ ಮಾಡಿ ತಂಬಾಕು ತಿಕ್ಕಿದಳು.

ಚನ್ನಕ್ಕ ಕೊಡ ಎತ್ತಿದಳು. ಹೊಸ ಇಟ್ಟಿಗೆಗಳು ಸುರಿದ ನೀರನ್ನೆಲ್ಲ ಸುಯ್ಯೆಂದು ಹೀರಿಕೊಂಡವು. ಹಿಂದಿನಿಂದ ಹೆಂಗಸರ ನಗು ಕೇಳುತ್ತಿತ್ತು. ಬಾಯಲ್ಲಿ ಜೊಲ್ಲೂರಿತು, ಕಾಲು ಆ ಕಡೆಗೇ ಎಳೆಯಿತು. ಇನ್ನೊಂದು ಕೊಡ, ಮತ್ತೊಂದು. ಗೋಡೆಯ ಮೂಲೆ ಮುಟ್ಟುವಷ್ಟರಲ್ಲಿ ಉಸಿರು ಹಗುರಾಯಿತು. ಆ ಹೊತ್ತಿನ ಆಸೆ ದಾಟಿತು. ಸಂಜೆಯದು ಇನ್ನೂ ಬರಬೇಕಿತ್ತು.